ಬಾಗಿಲು ತಳ್ಳಲು ಬೇಕಾದದ್ದು ಹಿಮ್ಮಡಿ

ರೋಬಾಟ್ ಹಿಮ್ಮುಖವಾಗಿ ಲಾಗ ಹಾಕುವ ವಿಡಿಯೊ ಬಂದಾಗಲೆಲ್ಲ, ಇನ್ನೇನು ಅದು ಮನೆಗೆಲಸಕ್ಕೂ ಬಂದೇಬಿಟ್ಟಿತು ಎಂಬ ಮಾತು ಹಬ್ಬುತ್ತದೆ. ನಡೆಯುವ ಕಾಲಿದೆ, ಹಿಡಿಯುವ ಕೈಯಿದೆ, ಎರಡನ್ನೂ ಜೋಡಿಸಿದರಾಯಿತು ಎಂಬ ಈ ಲೆಕ್ಕಾಚಾರ ಬುಡದಲ್ಲೇ ತಪ್ಪು. ಲಾಗ ಹಾಕುವಾಗ ರೋಬಾಟ್ ನಿಭಾಯಿಸಬೇಕಾದದ್ದು ಬಹುಪಾಲು ತನ್ನ ಮೈಯನ್ನು. ಬಿಗಿಯಾದ ಬಾಗಿಲನ್ನು ತಳ್ಳುವಾಗ ಬಾಗಿಲೂ ಅದನ್ನು ತಿರುಗಿ ತಳ್ಳುತ್ತದೆ.

60 ಕೆ.ಜಿ. ತೂಕದ ರೋಬಾಟ್ ನೆಟ್ಟಗೆ ನಿಂತು, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ 5 ಕೆ.ಜಿ. ಭಾರದಷ್ಟು ಬಲ ಹಾಕುತ್ತದೆ ಎಂದುಕೊಳ್ಳಿ. ಅಷ್ಟಕ್ಕೇ ಪಾದದಡಿಯ ಒತ್ತಡಕೇಂದ್ರ, ಅಂದರೆ ಪಾದ ನೆಲವನ್ನು ಒತ್ತುವ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದು, ಸುಮಾರು 8 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಪಾದದ ನಡುವಿನಿಂದ ಹಿಮ್ಮಡಿಗೆ ಇರುವುದೇ 12 ಸೆಂ.ಮೀ. ಎಂದರೆ ಉಳಿದದ್ದು 4. ಬಲವನ್ನು 8 ಕೆ.ಜಿ.ಗೆ ಏರಿಸಿದರೆ ಒತ್ತಡಕೇಂದ್ರ ಹಿಮ್ಮಡಿಯನ್ನೂ ದಾಟಬೇಕಾಗುತ್ತದೆ, ಅದು ಸಾಧ್ಯವಿಲ್ಲದ್ದರಿಂದ ಯಂತ್ರ ಹಿಂದಕ್ಕೆ ಉರುಳುತ್ತದೆ. ಹಾಗಾಗಬಾರದೆಂದು ಮೊದಲೇ ಮುಂದಕ್ಕೆ ವಾಲಿ ನಿಂತರೆ ಬಾಗಿಲು ತಟ್ಟನೆ ತೆರೆದುಕೊಂಡ ಕ್ಷಣ ಎದುರು ಬಲವೇ ಇಲ್ಲದಾಗಿ ಮುಗ್ಗರಿಸುತ್ತದೆ. ಕೈಗೆ ಎಷ್ಟು ಶಕ್ತಿಯಿದ್ದರೂ ಎಷ್ಟು ತಳ್ಳಬಹುದೆಂದು ತೀರ್ಮಾನಿಸುವುದು ಪಾದ.

ನಮ್ಮ ದೇಹಕ್ಕೆ ಇದು ಎಷ್ಟು ಚೆನ್ನಾಗಿ ಗೊತ್ತಿದೆ ಎಂಬುದು ನನಗೆ ಇಂದಿಗೂ ಬೆರಗು. 1967ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಬೆಲೆಂಕಿ, ಗುರ್ಫಿಂಕೆಲ್ ಮತ್ತು ಪಾಲ್ತ್ಸೆವ್, ನಿಂತವರು ತೋಳೆತ್ತುವಾಗ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಭುಜದ ಸ್ನಾಯುವಿಗಿಂತ ಮೊದಲು ಎಚ್ಚೆತ್ತದ್ದು ತೊಡೆಯ ಹಿಂಬದಿಯ ಸ್ನಾಯು! 1982ರಲ್ಲಿ ಕಾರ್ಡೊ ಮತ್ತು ನ್ಯಾಶ್ನರ್ ಹಿಡಿಕೆ ಎಳೆಯುವವರಲ್ಲೂ ಇಂಥದ್ದನ್ನೇ ಕಂಡರು. ಮೀನಖಂಡ ಮೊದಲು, ತೋಳು ಆಮೇಲೆ. ದೇಹಕ್ಕೆ ಆಸರೆ ಕೊಟ್ಟಾಗ ಕಾಲಿನ ಆ ಮುಂಗಡ ಸಿದ್ಧತೆ ಕುಗ್ಗಿತು. ತೋಳಿನ ಚಲನೆಯಿಂದ ಏನಾಗಲಿದೆ ಎಂಬುದನ್ನು ಮಿದುಳು ಮುಂಚಿತವಾಗಿ ಊಹಿಸಿ ಕಾಲನ್ನು ಅಣಿಗೊಳಿಸುತ್ತದೆ, ಅದೂ ನಮ್ಮ ಅರಿವಿಗೆ ಬಾರದಂತೆ.

ಕೈ ಮತ್ತು ಕಾಲು ಎರಡೂ ಇದ್ದ ಮನುಷ್ಯಾಕೃತಿಯ ರೋಬಾಟ್ ಹೊಸದೇನಲ್ಲ. ಜಪಾನಿನ ವಾಸೆದಾ ವಿಶ್ವವಿದ್ಯಾಲಯದ ವಾಬಾಟ್-1 ಹುಟ್ಟಿದ್ದು 1973ರಲ್ಲಿ. ಆದರೆ ಈ ಜೋಡಣೆಯ ಕಷ್ಟ ಜಗಜ್ಜಾಹೀರಾದದ್ದು 2015ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ. ಫುಕುಶಿಮಾ ಅಣುಸ್ಥಾವರದ ದುರಂತದಿಂದ ಪಾಠ ಕಲಿತ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ಏರ್ಪಡಿಸಿದ್ದ ಸ್ಪರ್ಧೆಯದು. ವಾಹನ ಓಡಿಸಿ, ಇಳಿದು, ಬಾಗಿಲು ತೆರೆದು, ಕವಾಟ (ವಾಲ್ವ್) ತಿರುಗಿಸಿ, ಗೋಡೆ ಕೊರೆದು, ಮೆಟ್ಟಿಲು ಹತ್ತಬೇಕಿತ್ತು. ಹಿಡಿಕೆಗೆ ಕೈ ಚಾಚಿದ ಕೋಟಿಗಟ್ಟಲೆ ಬೆಲೆಯ ಯಂತ್ರಗಳು ದಡಾರನೆ ಬಿದ್ದವು. ಗೆದ್ದದ್ದು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಹ್ಯೂಬೊ, 44 ನಿಮಿಷ 28 ಸೆಕೆಂಡುಗಳಲ್ಲಿ. ಅದರ ಉಪಾಯ ಸರಳ ಮತ್ತು ಸೊಗಸು: ನಡೆಯಬೇಕಿಲ್ಲದ ಕಡೆ ಮಂಡಿಯೂರಿ, ಮಂಡಿ ಮತ್ತು ಪಾದಗಳಲ್ಲಿದ್ದ ಚಕ್ರಗಳ ಮೇಲೆ ಉರುಳುತ್ತಿತ್ತು. ಆಧಾರ ಅಗಲವಾಯಿತು, ಗುರುತ್ವಕೇಂದ್ರ ತಗ್ಗಿತು, ಕೈ ನಿಶ್ಚಿಂತೆಯಿಂದ ದುಡಿಯಿತು.

ಮಂಡಿಯೂರದೆಯೇ ದುಡಿಯಬೇಕಾದ ರೋಬಾಟ್‌ಗಳಲ್ಲಿ ಈಗ ಕಣಕಾಲಿನಿಂದ ಮಣಿಕಟ್ಟಿನವರೆಗಿನ ಕೀಲುಗಳನ್ನೆಲ್ಲ ಒಂದೇ ಗಣಿತ ಸಮಸ್ಯೆಯಾಗಿ ಸೆಕೆಂಡಿಗೆ ನೂರಾರು ಬಾರಿ ಬಿಡಿಸುತ್ತಾರೆ. ಬೀಳದಿರುವುದಕ್ಕೆ ಮೊದಲ ಆದ್ಯತೆ, ಕೈಯ ಗುರಿಗೆ ಆಮೇಲಿನದು. ಇನ್ನೊಂದು ದಾರಿಯಲ್ಲಿ, ಕಂಪ್ಯೂಟರಿನೊಳಗಿನ ಕೃತಕ ಬಾಗಿಲುಗಳ ತೂಕವನ್ನೂ ಕೀಲಿನ ಬಿಗಿತವನ್ನೂ ಮನಬಂದಂತೆ ಬದಲಿಸುತ್ತ ರೋಬಾಟ್‌ಗೆ ಲಕ್ಷಗಟ್ಟಲೆ ಸಲ ಅಭ್ಯಾಸ ಮಾಡಿಸುತ್ತಾರೆ. ಮಳೆಗೆ ಉಬ್ಬಿದ ಮರದ ಬಾಗಿಲು ಎಷ್ಟು ಬಿಗಿಯೆಂದು ಕ್ಯಾಮೆರಾ ಕಣ್ಣಿಗೆ ಕಾಣುವುದಿಲ್ಲವಲ್ಲ, ಮುಟ್ಟಿ ತಳ್ಳಿಯೇ ತಿಳಿಯಬೇಕು. ಮಣಿಕಟ್ಟಿನ ಸಂವೇದಕಕ್ಕೆ ಅದು ತಿಳಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಕಣಕಾಲು ತನ್ನ ಬಲವನ್ನು ಬದಲಿಸಬೇಕು.