ಗುರುವಾರದ ಸಾಲು, ಗುರುಗಳ ಪಟ್ಟಿ

ಗುರುವಾರ ಸಂಜೆ ಜಯನಗರ 5ನೇ ಬ್ಲಾಕಿನ ರಾಯರ ಮಠಕ್ಕೆ ಹೋದರೆ ಮೊದಲ ಪರೀಕ್ಷೆ ಗಾಡಿ ನಿಲ್ಲಿಸುವುದು. ಸಾಲಿನಲ್ಲಿ ನಿಂತವರ ಬಾಯಲ್ಲಿ ಒಂದೇ ಶ್ಲೋಕ: ‘ಪೂಜ್ಯಾಯ ರಾಘವೇಂದ್ರಾಯ’. ಬೇಡುವುದೂ ಹೆಚ್ಚುಕಮ್ಮಿ ಒಂದೇ ಥರ. ಕೆಲಸ, ಸೈಟು, ಮಗಳ ಮದುವೆ.

ಆದರೆ ಗುರುವನ್ನು ನೆನೆಯುವುದು ಶುರುವಾದದ್ದು ಬೇಡಿಕೆಯಿಂದ ಅಲ್ಲ, ಹೆಸರುಗಳ ಪಟ್ಟಿಯಿಂದ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಇಂಥ ಪಟ್ಟಿ ಮೂರು ಕಡೆ ಬರುತ್ತದೆ. ಇವರು ಅವರಿಂದ ಕಲಿತರು, ಅವರು ಇನ್ನೊಬ್ಬರಿಂದ, ಹೀಗೆ ಬ್ರಹ್ಮನವರೆಗೆ. ಬಾಯಿಪಾಠದ ಕಾಲ ಅದು. ಪಾಠ ಎಲ್ಲಿಂದ ಬಂತು ಅನ್ನುವುದಕ್ಕೆ ಇದೇ ದಾಖಲೆ. ಶ್ವೇತಾಶ್ವತರ ಉಪನಿಷತ್ತು ಇನ್ನೊಂದು ಹೆಜ್ಜೆ ಮುಂದಿಟ್ಟಿತು: ದೇವರಲ್ಲಿ ಇರುವಷ್ಟೇ ಭಕ್ತಿ ಗುರುವಿನಲ್ಲೂ ಇರಬೇಕು.

ಮುಂದೆ ಆ ಪಟ್ಟಿ ಒಂದು ಪುಟ್ಟ ಶ್ಲೋಕವಾಯಿತು. ಸ್ಮಾರ್ತರದ್ದು ಸದಾಶಿವನಿಂದ ಶುರು, ನಡುವೆ ಶಂಕರರು, ಕೊನೆಗೆ ‘ನಮ್ಮ ಗುರು’. ಶ್ರೀವೈಷ್ಣವರದ್ದು ಲಕ್ಷ್ಮೀನಾಥನಿಂದ ಶುರು, ನಡುವೆ ನಾಥಮುನಿ, ಯಾಮುನರು, ಕೊನೆಗೆ ಮತ್ತೆ ‘ನಮ್ಮ ಗುರು’. ಅಚ್ಚು ಒಂದೇ ಅಲ್ವಾ? ವೀರಶೈವರ ಅಷ್ಟಾವರಣದಲ್ಲೂ, ಅಂದರೆ ಭಕ್ತನನ್ನು ಕಾಯುವ ಎಂಟು ಆಸರೆಗಳಲ್ಲೂ, ಮೊದಲು ಬರುವವನು ಗುರುವೇ.

ಹಾಗಾದರೆ ವರ ಕೇಳುವುದು ಎಲ್ಲಿಂದ ಬಂತು? ನಮ್ಮ ಕಡೆ ಇದಕ್ಕೆ ಉತ್ತರ ರಾಯರ ಸ್ತೋತ್ರದಲ್ಲೇ ಇದೆ. 1671ರ ಶ್ರಾವಣ ಬಹುಳ ಬಿದಿಗೆಯಂದು ರಾಯರು ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶಿಸಿದರು, ಅಂದರೆ ಸಜೀವ ಸಮಾಧಿಯಾದರು. ಶಿಷ್ಯ ಅಪ್ಪಣಾಚಾರ್ಯರು ಆಗ ಹತ್ತಿರದಲ್ಲಿ ಇರಲಿಲ್ಲ. ಸುದ್ದಿ ಕೇಳಿ, ಸ್ತೋತ್ರ ಕಟ್ಟಿ ಹೇಳುತ್ತಲೇ ತುಂಬಿದ ತುಂಗಭದ್ರೆಯನ್ನು ದಾಟಿದರಂತೆ. ಬರುವಷ್ಟರಲ್ಲಿ ಕಲ್ಲು ಮುಚ್ಚಿತ್ತು. ಗಂಟಲು ಕಟ್ಟಿತು, ಶ್ಲೋಕ ಅರ್ಧಕ್ಕೇ ನಿಂತಿತು. ಆಗ ಒಳಗಿನಿಂದ ದನಿ ಬಂತು ಎನ್ನುತ್ತಾರೆ ಭಕ್ತರು: ‘ಸಾಕ್ಷೀ ಹಯಾಸ್ಯೋಽತ್ರ ಹಿ’. ಇದಕ್ಕೆಲ್ಲ ಹಯಗ್ರೀವನೇ, ಕುದುರೆಮುಖದ ವಿಷ್ಣುವೇ, ಸಾಕ್ಷಿ ಎಂದು. ಕುರುಡನಿಗೆ ಕಣ್ಣು, ಮೂಕನಿಗೆ ಮಾತು ಬರುತ್ತದೆ ಎಂಬ ಭರವಸೆಗಳು ಅದೇ ಸ್ತೋತ್ರದಲ್ಲಿವೆ. ಅವಕ್ಕೆ ಗುರುವೇ ರುಜು ಹಾಕಿದಂತಾಯಿತು. ನನಗಂತೂ ಹಿಡಿಸುವುದು ಇದೇ: ಶಿಷ್ಯನ ಪ್ರಾರ್ಥನೆಯಲ್ಲಿ ಒಂದು ತುಂಡು ಗುರುವಿನದು.

ಇನ್ನು ಗುರುವಾರ. ಆ ಹೆಸರು ಬಂದದ್ದು ದೇವತೆಗಳ ಗುರು ಬೃಹಸ್ಪತಿಯ ಗ್ರಹದಿಂದ. ಈಗ ರಾಯರಿಗೂ ಅದೇ ವಾರ, ಶಿರಡಿ ಬಾಬಾಗೂ ಅದೇ.

ಬೆಂಗಳೂರಿನ ಬಡಾವಣೆ ಬಡಾವಣೆಗೂ ರಾಯರು ಬಂದದ್ದು ಮಣ್ಣಿನಿಂದ. ಮಂತ್ರಾಲಯದ ಮೂಲ ಬೃಂದಾವನದ ಮೃತ್ತಿಕೆ ತಂದು ಇಲ್ಲಿ ಇನ್ನೊಂದು ಬೃಂದಾವನ ಕಟ್ಟುತ್ತಾರೆ. ಶ್ರಾವಣದ ಆರಾಧನೆಯ ಮೂರು ದಿನ ಅದರ ಮುಂದೆ ಸಾಲು ರಸ್ತೆಗೆ ಬರುತ್ತದೆ. ನೀವು ಯಾವ ಮತದವರು ಅಂತ ಆ ಸಾಲಿನಲ್ಲಿ ಯಾರೂ ಕೇಳುವುದಿಲ್ಲ. ಚಪ್ಪಲಿ ಎಲ್ಲಿ ಬಿಟ್ಟಿರಿ ಅಂತ ಮಾತ್ರ ಕೇಳುತ್ತಾರೆ.