ನಾಲ್ಕು ಗೆರೆಯ ಸ್ವರ ರಾಯಚೂರಿಗೆ ಬಂದ ದಾರಿ

ಶನಿವಾರ ಸಂಜೆ. ರಾಯಚೂರಿನ ಬಿಸಿಲು ಇನ್ನೂ ಇಳಿದಿರಲಿಲ್ಲ. ನಮ್ಮ ಚರ್ಚಿನ ಗಾನವೃಂದದ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬಂದ ಹುಡುಗಿ ಮೊಬೈಲನ್ನು ಹಾರ್ಮೋನಿಯಂಗೆ ಒರಗಿಸಿ ಇಟ್ಟಿದ್ದಳು. ಪರದೆಯ ಮೇಲೆ ನಾಲ್ಕು ಗೆರೆ, ಗೆರೆಗಳ ಮೇಲೆ ಚೌಕ ಚೌಕದ ಕಪ್ಪು ಚುಕ್ಕಿ. ಒಂದೊಂದೇ ಚುಕ್ಕಿ ನೋಡಿ ಮನೆ ಒತ್ತಿದಳು. ಎರಡು ಸಲ ನುಡಿಸಿ ನನ್ನ ಕಡೆ ತಿರುಗಿದಳು. "ಸರ್, ಇದು ನಮ್ ಕಾಫಿ ರಾಗ ಇದ್ದಂಗ ಐತಲ್ರಿ?"

ಅವಳು ಕಥೋಲಿಕ ಪೂಜೆಯ ಸಂಗೀತ ಮತ್ತು ಚಿತ್ರಕಲೆಯ ಬಗ್ಗೆ ಆನ್‌ಲೈನ್ ಕೋರ್ಸ್ ಸೇರಿದ್ದಳು. ಅವತ್ತಿನ ಪಾಠ ಗ್ರೆಗೋರಿಯನ್ ಗಾನದ, ಅಂದರೆ ಆ ಪೂಜೆಯ ಹಳೆಯ ಲ್ಯಾಟಿನ್ ಹಾಡುಗಾರಿಕೆಯ, ಮೊದಲನೇ ಮೋಡ್. ಯುರೋಪಿನವರ ರೆಯಿಂದ ರೆ ತನಕದ ಸ್ವರಸಾಲು ಅದು. ಆ ರೆಯನ್ನೇ ಷಡ್ಜ ಅಂತ ಹಿಡಿದರೆ ಗ ಮತ್ತು ನಿ ಎರಡೂ ಕೋಮಲ. ಹಿಂದೂಸ್ತಾನಿ ಸಂಗೀತದ ಕಾಫಿ ಥಾಟಿನ ಸ್ವರಗಳೂ ಅವೇ. ಕರ್ನಾಟಕ ಸಂಗೀತದವರು ಖರಹರಪ್ರಿಯ ಅನ್ನುತ್ತಾರೆ. ಸ್ವರಸಾಲು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ, ನಿಜ. ರಾಗಕ್ಕೆ ಅದರದೇ ನಡೆ ಇರುತ್ತದೆ. ಆದರೆ ಹುಡುಗಿಯ ಕಿವಿ ಸರಿಯಾದ ಜಾಗದಲ್ಲೇ ನಿಂತಿತ್ತು.

ಈ ಭಾಗಕ್ಕೆ ಕಥೋಲಿಕ ಧರ್ಮ ಹೊಸದಲ್ಲ. ಮುದಗಲ್‌ನ ಕ್ರೈಸ್ತರ ಬೇರು ಆದಿಲ್‌ಶಾಹಿ ಕಾಲದ್ದು. ರಾಯಚೂರು, ಕೊಪ್ಪಳಗಳನ್ನೂ ಒಳಗೊಂಡ ಬಳ್ಳಾರಿ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ, ಆಗಿದ್ದು 1949ರಲ್ಲಿ. ಆದರೂ ಪೂಜೆಯ ಹಾಡನ್ನು ನಮ್ಮವರು ಕಲಿತದ್ದು ಹೆಚ್ಚಾಗಿ ಕೇಳಿಯೇ. ಫಾದರ್ ಹಾಡಿದರು, ಸಿಸ್ಟರ್ ತಿದ್ದಿದರು, ಧರ್ಮಪಾಠ ಹೇಳುವ ಉಪದೇಶಿ ನೆನಪಿಟ್ಟರು. ಹೇಳಿಕೊಡುವವರಿಗೆ ವರ್ಗವಾದರೆ ಹಾಡೂ ಅವರ ಜೊತೆಗೇ ಹೋಗುತ್ತಿತ್ತು.

ಯುರೋಪಿನಲ್ಲೂ ಮೊದಲು ಹೀಗೇ ಇತ್ತು. ಮಠದ ಹುಡುಗರು ಗುರುವಿನ ಬಾಯಿಂದ ಕೇಳಿ ವರ್ಷಗಟ್ಟಲೆ ಉರು ಹೊಡೆಯಬೇಕಿತ್ತು. 11ನೇ ಶತಮಾನದಲ್ಲಿ ಅರೆಝೋದ ಗೀದೋ ಎಂಬ ಸನ್ಯಾಸಿ ಗೆರೆ ಎಳೆದು ಸ್ವರ ಬರೆಯುವ ಕ್ರಮವನ್ನು ಗಟ್ಟಿ ಮಾಡಿದ. ಸಂತ ಯೊವಾನ್ನರ ಒಂದು ಲ್ಯಾಟಿನ್ ಸ್ತೋತ್ರದಲ್ಲಿ ಸಾಲಿನಿಂದ ಸಾಲಿಗೆ ಮೊದಲ ಸ್ವರ ಒಂದೊಂದು ಮೆಟ್ಟಿಲು ಏರುತ್ತದೆ. ಆ ಸಾಲುಗಳ ಮೊದಲ ಅಕ್ಷರಗಳಿಂದಲೇ ಉತ್, ರೆ, ಮಿ, ಫಾ, ಸೋಲ್, ಲಾ ಬಂದವು. ನಮ್ಮ ಸರಿಗಮದ ಹಾಗೆ ಹೆಸರು ಹಿಡಿದು ಸ್ವರ ಹಾಡಬಹುದಾಯಿತು. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಈಗ ಒಂದೆರಡು ವರ್ಷದ್ದು ಎಂದು ಗೀದೋ ಪತ್ರವೊಂದರಲ್ಲಿ ಬರೆದ. ಗುರು ಎದುರಿಗೆ ಇಲ್ಲದಿದ್ದರೂ ಕೇಳದ ಹಾಡನ್ನು ಹಾಡಬಹುದು ಎಂಬ ಧೈರ್ಯ ಅದು. ದೂರಶಿಕ್ಷಣದ ಮೊದಲ ಹೆಜ್ಜೆ ಅದೇ ಅಂತ ನನಗೆ ಅನಿಸುತ್ತದೆ.

ಎರಡನೇ ಹೆಜ್ಜೆ ಫ್ರಾನ್ಸಿನದು. ಸೊಲೆಮ್ ಮಠದವರು ಗ್ರೆಗೋರಿಯನ್ ಗಾನದ ಹಳೆಯ ಹಸ್ತಪ್ರತಿಗಳ ಫೋಟೊ ತೆಗೆಸಿ 1889ರಿಂದ ಅಚ್ಚು ಹಾಕತೊಡಗಿದರು. 1903ರಲ್ಲಿ ಹತ್ತನೇ ಪಯಸ್ ಪೋಪರು ಪೂಜೆಯ ಸಂಗೀತದ ಬಗ್ಗೆ ಆಜ್ಞೆ ಹೊರಡಿಸಿ, ಈ ಗಾನವನ್ನು ಜನರ ಬಾಯಿಗೆ ಮರಳಿ ತರಬೇಕು ಎಂದರು. 1911ರಲ್ಲಿ ರೋಮ್‌ನಲ್ಲಿ ಅದಕ್ಕೆಂದೇ ಶಾಲೆ ಬಾಗಿಲು ತೆರೆಯಿತು. ಆದರೆ ರಾಯಚೂರಿನಿಂದ ರೋಮ್‌ಗೆ ಹೋಗಿ ಹಾಡು ಕಲಿಯುವುದು ಯಾರಿಂದ ಆದೀತು?

ಮುಂದೆ 1963ರ ಡಿಸೆಂಬರ್ 4. ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾ ವಿಧಿಯ ದಸ್ತಾವೇಜು ಬಂತು. ಅದರ ಆರನೇ ಅಧ್ಯಾಯ ಸಂಗೀತದ್ದು, ಏಳನೆಯದು ಕಲೆಯದ್ದು. ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಎಂದ ಅದೇ ಅಧ್ಯಾಯ, ಆಯಾ ಜನರ ಸಂಗೀತ ಸಂಪ್ರದಾಯಕ್ಕೂ ತಕ್ಕ ಜಾಗ ಕೊಡಿ ಎಂದಿತು. ಜನರ ಭಾಷೆಗೆ ಬಾಗಿಲು ತೆರೆಯಿತು, ಕನ್ನಡದಲ್ಲಿ ಪೂಜೆ ಬಂತು. 1969ರಲ್ಲಿ ಭಾರತದ ಪೂಜೆಗೆಂದೇ 12 ಅಂಶಗಳಿಗೆ ರೋಮ್‌ನ ಒಪ್ಪಿಗೆ ಸಿಕ್ಕಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಎಣ್ಣೆದೀಪ, ಆರತಿ ಎಲ್ಲ ಹೀಗೆ ಬಲಿಪೀಠದ ಹತ್ತಿರ ಬಂದವು. ಲ್ಯಾಟಿನ್ ಮಾತ್ರ ಸದ್ದಿಲ್ಲದೆ ಹೋಯಿತು. ಕನ್ನಡ ಬಂದದ್ದಕ್ಕೆ ನನಗೆ ಪೂರ್ತಿ ಸಂತೋಷವಿದೆ. ಹಳೆಯದನ್ನು ಕಲಿಸುವವರೇ ಇಲ್ಲದಾಗಿದ್ದಕ್ಕೆ ಸಂಕಟವೂ ಇದೆ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಲಾಕ್‌ಡೌನ್ ಬಂದು ಪೂಜೆಯೇ ಮೊಬೈಲಿಗೆ ಇಳಿಯಿತು. ಇವತ್ತು ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಗ್ರಂಥಾಲಯದ 10ನೇ ಶತಮಾನದ ಹಾಡಿನ ಪುಸ್ತಕವನ್ನು, 359ನೇ ಹಸ್ತಪ್ರತಿ ಅದು, ಇಲ್ಲೇ ಕೂತು ಪುಟ ಪುಟ ತಿರುವಬಹುದು. ಅದರಲ್ಲಿ ಗೆರೆಗಳೇ ಇಲ್ಲ. ಅಕ್ಷರದ ಮೇಲೆ ಸಣ್ಣ ಸಣ್ಣ ಗೀಟು, ಕೊಂಕು. ಹಾಡಿಸುವವನ ಕೈಯಾಡಿದ ಹಾಗೆ ಕಾಣುತ್ತದೆ. ದುಡ್ಡು ಕೊಡಬೇಕಿಲ್ಲ.

ಆದರೆ ಒಟ್ಟಿಗೆ ಹಾಡುವುದನ್ನು ನೆಟ್ ಕಲಿಸಲಿಲ್ಲ. ಲಾಕ್‌ಡೌನಿನಲ್ಲಿ ನಾವು ವಿಡಿಯೊ ಕಾಲ್‌ನಲ್ಲಿ ಅಭ್ಯಾಸಕ್ಕೆ ಕೂತೆವು. ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುವಷ್ಟರಲ್ಲಿ ಒಂದು ಚೂರು ತಡ. ಹಾಡಿಗೆ ಆ ಚೂರೇ ಜಾಸ್ತಿ. ಕೊನೆಗೆ ಎಲ್ಲರೂ ಮ್ಯೂಟ್ ಮಾಡಿಕೊಂಡು, ಒಬ್ಬರ ದನಿಗೆ ತುಟಿ ಆಡಿಸಿದೆವು. ತಾಳವಿಲ್ಲದ ಗ್ರೆಗೋರಿಯನ್ ಗಾನಕ್ಕಂತೂ ಪಕ್ಕದವರ ಉಸಿರು ಕೇಳಲೇಬೇಕು.

ಆ ಕೋರ್ಸಿನ ಕಲೆಯ ಪಾಠದಲ್ಲಿ ಐಕಾನ್, ಅಂದರೆ ಯೇಸು, ಸಂತರ ಪವಿತ್ರ ಚಿತ್ರ, ಬರೆಯುವ ಕ್ರಮ ತೋರಿಸುತ್ತಾರೆ. ಮರದ ಹಲಗೆಗೆ ಸೀಮೆಸುಣ್ಣದಂಥ ಬಿಳಿ ಪುಡಿ ಮತ್ತು ಅಂಟಿನ ಲೇಪ. ಒಣಗಿದ ಮೇಲೆ ಉಜ್ಜಿ, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಚಿತ್ರಕ್ಕೆ ಸಲ್ಲುವ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ ಎಂದು 787ರಲ್ಲೇ ನಿಕೇಯದಲ್ಲಿ ಸೇರಿದ ಬಿಷಪರ ಸಭೆ ತೀರ್ಮಾನಿಸಿತ್ತು. ಇದನ್ನು ನೋಡುವಾಗ ನನಗೆ ಕೊಪ್ಪಳದ ಕಿನ್ನಾಳವೇ ನೆನಪಾಯಿತು. ಅಲ್ಲಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಲೇಪ ಕೊಟ್ಟು, ಆಮೇಲೆ ಬಣ್ಣ ಹಚ್ಚುತ್ತಾರೆ. ಮರ ಬಣ್ಣ ಹಿಡಿಯಬೇಕಾದರೆ ಮೊದಲು ಲೇಪ ಕೂರಬೇಕು ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ. ಯಾವುದೇ ಒಂದು ಶೈಲಿಯನ್ನು ತನ್ನದೆಂದು ಕಥೋಲಿಕ ಧರ್ಮಸಭೆ ಹಿಡಿದಿಲ್ಲ ಎಂದು 1963ರ ದಸ್ತಾವೇಜೇ ಹೇಳುತ್ತದಲ್ಲ? ಹಾಗಾದರೆ ಕಿನ್ನಾಳದ ಕೈಯಲ್ಲಿ ಕ್ರಿಸ್ಮಸ್ಸಿನ ಒಂದು ಗೋದಲಿ ಮಾಡಿಸುವುದನ್ನು ಯಾಕೆ ಪಾಠವಾಗಿಸಬಾರದು?

ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಭಾಷೆ ಬಾರದವರು ಹೊರಗೆ ಉಳಿಯುತ್ತಾರೆ, ಅದೊಂದು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಲ್ಯಾಟಿನ್ ಮಾತಿನ ಒತ್ತು ನೋಡಿ ಹೆಣೆದ ಧಾಟಿಗೆ ಕನ್ನಡ ಮಾತು ಸುಮ್ನೆ ತುರುಕಿದರೆ 'ಕರುಣೆ' ಹೋಗಿ 'ಕರೂಣೆ' ಆಗುತ್ತದೆ. ಹ್ರಸ್ವ ಎಳೆದರೆ ನಮ್ಮಲ್ಲಿ ಮಾತೇ ಕೆಡುತ್ತದೆ. ಇದನ್ನು ಹೇಳಿಕೊಡಲು ದಾಸರ ಪದ ಕೇಳಿ ಬೆಳೆದ ಕಿವಿ ಬೇಕು. ಮಾನ್ವಿಯ ಜಗನ್ನಾಥದಾಸರ ಜಿಲ್ಲೆಯಲ್ಲಿ ಅಂಥ ಕಿವಿಗಳಿಗೆ ಬರವಿಲ್ಲ.

ಆ ಹುಡುಗಿ ಈಗ ಉದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು, ಕೆಳಗೆ ಕನ್ನಡದಲ್ಲಿ ಸರಿಗಮ ಬರೆಯುತ್ತಿದ್ದಾಳೆ. ಪಾಸ್ಕದ (ಈಸ್ಟರ್ ಹಬ್ಬದ) ಒಂದು ಹಾಡು ಅರ್ಧ ಆಗಿದೆ. ದೀರ್ಘ ಬರುವಲ್ಲಿ ಕೆಂಪು ಪೆನ್ನಿನ ಗುರುತು. ಹೋದ ಶನಿವಾರ ಅವಳು ಹಾರ್ಮೋನಿಯಂ ಮುಚ್ಚಿಟ್ಟು ಮೊದಲ ಸಾಲು ಹೇಳಿಕೊಟ್ಟಳು. ಮೂರನೇ ಸಲಕ್ಕೆ ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಂಡೆವು.