ಗಂಡುಮಗುವಿಗೆ ‘ಜ್ಯೋತಿ’ ಎಂದು ಹೆಸರಿಡಬಹುದೇ?

ಪ್ರಶ್ನೆ: ಮೊಮ್ಮಗನಿಗೆ ಜ್ಯೋತಿ ಎಂದು ಹೆಸರಿಡಬೇಕೆಂದು ನಮ್ಮ ಮಗನ ಆಸೆ. ಅದು ಹೆಣ್ಣಿನ ಹೆಸರೆಂದು ಬೀಗರು ಒಪ್ಪುತ್ತಿಲ್ಲ. ಏನು ಮಾಡುವುದು?
ಓದುಗರು, ವಿನೋಬನಗರ, ದಾವಣಗೆರೆ

ಧಾರಾಳವಾಗಿ ಇಡಿ. ತೊಟ್ಟಿಲು ಕಟ್ಟುವ ದಿನ ಹತ್ತಿರ ಬಂತೆಂದರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಅರ್ಥ ನಿಮಗೇ ಗೊತ್ತು: ಬೆಳಕು, ದೀಪದ ಕುಡಿ, ಆಕಾಶದಲ್ಲಿ ಹೊಳೆಯುವ ಕಾಯ. ಈ ಕೊನೆಯ ಅರ್ಥದಿಂದಲೇ ಜ್ಯೋತಿಷ ಹುಟ್ಟಿತು. ಇನ್ನು ಬೀಗರ ಆಕ್ಷೇಪಕ್ಕೆ ಬರೋಣ.

‘ಇ’ಕಾರದಲ್ಲಿ ಮುಗಿದದ್ದೆಲ್ಲ ಹೆಣ್ಣು ಹೆಸರು ಎನ್ನುವುದಾದರೆ ರವಿ, ಹರಿ, ಶಶಿ, ಗಣಪತಿ ಯಾರು? ಸಂಸ್ಕೃತದಲ್ಲಿ ಈ ಪದದ ಮೂಲರೂಪ ‘ಜ್ಯೋತಿಸ್’. ಮನಸ್, ತೇಜಸ್‌ಗಳ ಹಾಗೆ ಇದೂ ನಪುಂಸಕಲಿಂಗ. ಕನ್ನಡದಲ್ಲಿ ಕೊನೆಯ ಸಕಾರ ಬಿದ್ದುಹೋಗಿದೆ; ‘ಜ್ಯೋತಿರ್ಲಿಂಗ’ ಎನ್ನುವಾಗ ಅದೇ ಸಕಾರ ರೇಫವಾಗಿ ಕೇಳಿಸುತ್ತದೆ. ನಾವೂ ‘ಜ್ಯೋತಿ ಬೆಳಗಿತು’ ಎನ್ನುತ್ತೇವೆಯೇ ಹೊರತು ‘ಬೆಳಗಿದಳು’ ಎನ್ನುವುದಿಲ್ಲ. ಅಷ್ಟಕ್ಕೂ ಹೆಸರಿಡುವಾಗ ವ್ಯಾಕರಣದ ಲಿಂಗವನ್ನು ಯಾರು ನೋಡುತ್ತಾರೆ? ‘ಮೂರ್ತಿ’ ಸಂಸ್ಕೃತದಲ್ಲಿ ಸ್ತ್ರೀಲಿಂಗ, ನಮ್ಮ ಓಣಿಯ ಮೂರ್ತಿಗಳೆಲ್ಲ ಗಂಡಸರು. ‘ಕಿರಣ’ ಪುಲ್ಲಿಂಗ, ಕಿರಣ್ ಬೇಡಿಯವರು ಹೆಣ್ಣುಮಗಳು.

ವ್ಯಾಕರಣ ಬೇಡವೆಂದರೆ ಚರಿತ್ರೆಯನ್ನೇ ನೋಡಲಿ. 1977ರಿಂದ 2000ದವರೆಗೆ ಪಶ್ಚಿಮ ಬಂಗಾಳವನ್ನಾಳಿದ ಮುಖ್ಯಮಂತ್ರಿ ಜ್ಯೋತಿ ಬಸು. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಮಹಾತ್ಮ ಫುಲೆಯವರು ಜ್ಯೋತಿರಾವ್. ಕೊಲ್ಲಾಪುರದ ಬಳಿಯ ಗುಡ್ಡದ ದೇವರು ಜ್ಯೋತಿಬಾನಿಂದ ಬಂದ ಹೆಸರದು. ಇನ್ನೂ ಹಿಂದಕ್ಕೆ ಹೋದರೆ, 642ರಲ್ಲಿ ಪಲ್ಲವರು ನಮ್ಮ ಬಾದಾಮಿಯನ್ನು ಹಿಡಿದಾಗ ಅವರ ದಂಡಿನ ಮುಂದಾಳು ಪರಂಜ್ಯೋತಿ ಎಂದು ತಮಿಳು ಪರಂಪರೆ ಹೇಳುತ್ತದೆ. ಆನೆ ಕುದುರೆಗಳ ದಂಡು ನಡೆಸಿದವನಿಗೆ ಒಪ್ಪಿದ ಹೆಸರು ನಿಮ್ಮ ಮೊಮ್ಮಗನಿಗೆ ಒಪ್ಪದೇ?

ಬೀಗರ ಅನುಮಾನಕ್ಕೆ ಕಾರಣ ಇಲ್ಲವೆಂದಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಈ ಹೆಸರಿಡುವುದು ಎಷ್ಟು ರೂಢಿಯೆಂದರೆ, ಶಾಲೆಯ ಹಾಜರಿ ಪುಸ್ತಕದಲ್ಲಿ ‘ಜ್ಯೋತಿ ಎಂ.’, ‘ಜ್ಯೋತಿ ಕೆ.’ ಎಂದು ಇನಿಷಿಯಲ್ ನೋಡಿಯೇ ಕರೆಯಬೇಕು. ರೂಢಿ ನಿಜ, ಆದರೆ ಅದು ನಿಯಮವಲ್ಲ. ಬೀಗರ ಮನಸ್ಸು ಕರಗದಿದ್ದರೆ ಜ್ಯೋತಿಪ್ರಕಾಶ ಎಂದಿಡಿ. ಮನೆಯಲ್ಲಿ ಜ್ಯೋತಿ ಎಂದೇ ಕರೆಯಬಹುದು. ರಾಜ್ಯೋತ್ಸವದ ಮೆರವಣಿಗೆಯಿಂದ ಹಿಡಿದು ಕರೆಂಟ್ ಬಿಲ್ಲಿನ ಭಾಗ್ಯಜ್ಯೋತಿ, ಗೃಹಜ್ಯೋತಿಯವರೆಗೆ ಎಲ್ಲರದೂ ಆದ ಪದವನ್ನು ಒಂದೇ ಲಿಂಗಕ್ಕೆ ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಬೆಳಕಿನ ಹೆಸರೆಂದರೆ ಸಂಸ್ಕೃತದ್ದೇ ಏಕೆ ಆಗಬೇಕು? ದೀಪಕ್ಕೆ ಹಳಗನ್ನಡದಲ್ಲಿ ‘ಸೊಡರ್’ ಎಂಬ ಸೊಗಸಾದ ಪದವಿದೆ, ನಡುಗನ್ನಡದಲ್ಲಿ ಅದು ‘ಸೊಡರು’ ಆಯಿತು. ಇದರ ಒಡಹುಟ್ಟಾದ ‘ಸುಡರ್’ ಅನ್ನು ತಮಿಳರು ಇಂದಿಗೂ ಮಕ್ಕಳಿಗೆ ಇಡುತ್ತಾರೆ. ನಾವು ಅದನ್ನು ನಿಘಂಟಿನಲ್ಲಿ ಬಿಟ್ಟುಬಿಟ್ಟೆವು. ‘ನೇಸರ’ ಮಾತ್ರ ಈಚೆಗೆ ಗಂಡುಮಕ್ಕಳ ಹೆಸರಾಗಿ ಕಿವಿಗೆ ಬೀಳುತ್ತಿದೆ, ಕೇಳಿದಾಗಲೆಲ್ಲ ಹಿಗ್ಗುತ್ತೇನೆ. ನಿಮ್ಮ ಮನೆಯಲ್ಲಿ ಎರಡನೆಯ ಮೊಮ್ಮಗು ಹುಟ್ಟಿದಾಗ ‘ಬೆಳಗು’ ಎಂಬುದನ್ನೂ ಬೀಗರ ಮುಂದಿಟ್ಟು ನೋಡಿ. ಅದು ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ.